ಕೃಷ್ಣಮಾಚಾರ್ಯರ ಎದೆಬಡಿತ

ಕುಲಶೇಖರದ ಏರುರಸ್ತೆಯಲ್ಲಿ ಬೆಳಗಿನ ನಡಿಗೆಗೆ ಹೊರಡುವವರಿಗೆ ಇದು ನಿತ್ಯದ ಅನುಭವ. ಏರು ಆರಂಭವಾದೊಡನೆ ಎದೆಬಡಿತ ಚುರುಕಾಗುತ್ತದೆ, ಉಸಿರು ಬಿರುಸಾಗುತ್ತದೆ, ಜೊತೆಗಾರನೊಡನೆ ಆಡುತ್ತಿದ್ದ ಮಾತು ತುಂಡಾಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುವ ಹೃದಯ, ಆರೋಗ್ಯವಂತ ಯುವಕನ ಕಠಿಣ ವ್ಯಾಯಾಮದಲ್ಲಿ 20 ಲೀಟರನ್ನೂ ಮುಟ್ಟಬಲ್ಲದು. ಇದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ. ಉಸಿರು ಮಾತ್ರ ಒಂದಿಷ್ಟು ನಮ್ಮ ಮಾತು ಕೇಳುತ್ತದೆ. ಹೃದಯವೂ ಮಾತು ಕೇಳೀತೆಂಬ ನಂಬಿಕೆಗೆ ಕಾರಣರಾದವರಲ್ಲಿ ಕನ್ನಡ ನಾಡಿನ ತಿರುಮಲೈ ಕೃಷ್ಣಮಾಚಾರ್ಯರೂ ಒಬ್ಬರು.

ಅವರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಮೈಸೂರಿನ ಪರಕಾಲ ಮಠದ ಆಶ್ರಯ, ಕಾಶಿಯಲ್ಲಿ ಶಾಸ್ತ್ರಾಧ್ಯಯನ, ಬಳಿಕ ಹಿಮಾಲಯದಾಚೆ ಯೋಗಾಭ್ಯಾಸ. ಇಷ್ಟು ಓದಿದ ಪಂಡಿತರು ಸಂಸಾರಕ್ಕಾಗಿ ಹಾಸನದ ಕಡೆಯ ಕಾಫಿ ತೋಟದಲ್ಲಿ ಮೇಲ್ವಿಚಾರಣೆ ಮಾಡಬೇಕಾಯಿತು. ಅಂದಿನ ಕಾಲಕ್ಕೆ ಯೋಗ ಹೊಟ್ಟೆ ತುಂಬಿಸುವ ವಿದ್ಯೆಯಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಬಿದ್ದ ಮೇಲೆ ಪರಿಸ್ಥಿತಿ ಬದಲಾಯಿತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ಮರುವರ್ಷ ಕನ್ನಡದಲ್ಲಿ ‘ಯೋಗ ಮಕರಂದ’ ಹೊರಬಂತು. ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರೇ.

1935ರಲ್ಲಿ ಫ್ರಾನ್ಸಿನ ಹೃದ್ರೋಗತಜ್ಞೆ ತೆರೇಸ್ ಬ್ರೊಸ್ ಇಸಿಜಿ ಯಂತ್ರವನ್ನು ಹೊತ್ತು ಭಾರತಕ್ಕೆ ಬಂದರು. ಆಕೆ ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಇದ್ದರು. ಯೋಗಿಯೊಬ್ಬನ ಹೃದಯದ ವಿದ್ಯುತ್ ಸಂಕೇತ ಶೂನ್ಯದ ಸಮೀಪಕ್ಕೆ ಇಳಿದ ದಾಖಲೆಯನ್ನು ಆಕೆ ಪ್ರಕಟಿಸಿದಾಗ, ಯೋಗಿಗಳು ಹೃದಯವನ್ನೇ ನಿಲ್ಲಿಸುತ್ತಾರೆಂಬ ಸುದ್ದಿ ಹರಡಿತು. ನಮ್ಮವರಿಗೂ ಅದು ಹೆಮ್ಮೆಯ ಸಂಗತಿಯಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1957ರಲ್ಲಿ ಅಮೆರಿಕದ ವೆಂಗರ್ ಮತ್ತು ಬಾಗ್ಚಿ, ದೆಹಲಿಯ ಬಿ.ಕೆ. ಆನಂದ್ ಅವರೊಡಗೂಡಿ ಮತ್ತೆ ಪರೀಕ್ಷೆಗೆ ತೊಡಗಿದರು. ಆ ವೇಳೆಗೆ ಮದ್ರಾಸಿನಲ್ಲಿ ನೆಲೆಸಿದ್ದ, ಎಪ್ಪತ್ತರ ಹತ್ತಿರದ ಕೃಷ್ಣಮಾಚಾರ್ಯರೂ ಯಂತ್ರದ ಮುಂದೆ ಕುಳಿತರು. 1961ರಲ್ಲಿ ಪ್ರಕಟವಾದ ವರದಿ ಸ್ಪಷ್ಟವಾಗಿತ್ತು: ಯಾರ ಹೃದಯವೂ ನಿಂತಿರಲಿಲ್ಲ. ಉಸಿರು ಕಟ್ಟಿ ಎದೆ, ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿದಾಗ ಎದೆಗೂಡಿನ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದಷ್ಟು ಕ್ಷೀಣಿಸುತ್ತದೆ. ಸ್ನಾಯುಗಳ ಸದ್ದಿನಲ್ಲಿ ಸ್ಟೆತಸ್ಕೋಪಿಗೂ ಬಡಿತ ಕೇಳಿಸದು. ಇಸಿಜಿಯಲ್ಲಿ ಮಾತ್ರ ಹೃದಯ ತನ್ನ ಕೆಲಸ ಮಾಡುತ್ತಲೇ ಇತ್ತು.

ಇದನ್ನು ಕೃಷ್ಣಮಾಚಾರ್ಯರ ಸೋಲೆಂದು ಬಗೆಯುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅವರ ನಿಜವಾದ ಸಾಧನೆ ಆ ಪ್ರದರ್ಶನದಲ್ಲಿ ಇರಲೇ ಇಲ್ಲ. ಪ್ರತಿಯೊಂದು ಚಲನೆಯನ್ನೂ ಉಸಿರಿನ ಒಳಹೊರ ಹರಿವಿಗೆ ಹೊಂದಿಸಿದ್ದು ಅವರ ಬೋಧನೆಯ ಜೀವಾಳ. ಉಸಿರನ್ನು ಒಳಗೆಳೆದಾಗ ಹೃದಯ ತುಸು ವೇಗ ಪಡೆಯುತ್ತದೆ, ಬಿಡುವಾಗ ನಿಧಾನಿಸುತ್ತದೆ. ಹಾಗೆ ನಿಧಾನಿಸುವಂತೆ ಮಾಡುವುದು ವೇಗಸ್ ನರ ಎಂಬುದನ್ನು ಇಂದಿನ ವೈದ್ಯವಿದ್ಯಾರ್ಥಿಯೂ ಬಲ್ಲ. ಉಸಿರು ಕಟ್ಟಿ ಭಾರ ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಜಿಮ್ಮಿನಲ್ಲಿ ಹಲ್ಲುಕಚ್ಚಿ ಕಬ್ಬಿಣ ಎತ್ತುವ ನಡುವಯಸ್ಕರಿಗೆ ಇದನ್ನು ಯಾರು ಹೇಳುತ್ತಾರೋ ತಿಳಿಯದು.

ನಾಲ್ವಡಿಯವರು 1940ರಲ್ಲಿ ತೀರಿಕೊಂಡ ಮೇಲೆ ಯೋಗಶಾಲೆ ಸೊರಗಿ, 1950ರ ವೇಳೆಗೆ ಮುಚ್ಚಿತು. ಅರವತ್ತು ದಾಟಿದ ವಯಸ್ಸಿನಲ್ಲಿ ಮದ್ರಾಸಿಗೆ ಹೋಗಿ ಹೊಸ ಬದುಕು ಕಟ್ಟಿಕೊಂಡ ಅವರು, ಮೈಸೂರಿನ ಹುಡುಗರಿಗೆ ಕಲಿಸಿದ ಬಿರುಸಿನ ಆಸನಗಳನ್ನು ಎಲ್ಲರ ಮೇಲೂ ಹೇರಲಿಲ್ಲ. ವಯಸ್ಸು, ರೋಗ, ಶಕ್ತಿಗಳನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ಕ್ರಮ ಹೇಳಿಕೊಟ್ಟರು. 1989ರ ಫೆಬ್ರುವರಿ 28ರಂದು ಅವರು ತೀರಿಕೊಂಡಾಗ, ನೂರು ವರ್ಷ ತುಂಬಿ ಮೂರು ತಿಂಗಳು ಕಳೆದಿತ್ತು.