ಅಡಗಿದ್ದ ಉಷ್ಣವನ್ನು ಕಂಡ ಜೋಸೆಫ್ ಬ್ಲ್ಯಾಕ್

ನೀರು ಮಂಜುಗಡ್ಡೆಯಾಗುವಾಗ ಏನಾಗುತ್ತದೆ? ತಣ್ಣಗಾಗುತ್ತದೆ ಎಂದು ನೀವು ಥಟ್ಟನೆ ಹೇಳಬಹುದು. ಆದರೆ ಹೆಪ್ಪುಗಟ್ಟುತ್ತಿರುವ ನೀರು ಉಷ್ಣವನ್ನು ಹೊರಗೆ ಬಿಡುತ್ತದೆ! ಇದನ್ನು ಕಂಡುಕೊಂಡು, ಅಳೆದೂ ತೋರಿಸಿದವರು ಜೋಸೆಫ್ ಬ್ಲ್ಯಾಕ್.

ಅವರು ಹುಟ್ಟಿದ್ದು 1728ರಲ್ಲಿ, ಫ್ರಾನ್ಸಿನ ಬೋರ್ಡೋ ನಗರದಲ್ಲಿ. ತಂದೆ ಐರ್ಲೆಂಡಿನಿಂದ ಬಂದ ವ್ಯಾಪಾರಿ. ಬ್ಲ್ಯಾಕ್ ಸ್ಕಾಟ್ಲೆಂಡಿನಲ್ಲಿ ವೈದ್ಯಶಾಸ್ತ್ರ ಓದಿದರು. ಇಂದು ನಾವು ಕಾರ್ಬನ್ ಡೈಆಕ್ಸೈಡ್ ಎನ್ನುವ ಅನಿಲವನ್ನು ಗುರುತಿಸಿ, ಇನ್ನೂ ಮೂವತ್ತು ತುಂಬುವ ಮೊದಲೇ ಹೆಸರಾದರು. 1756ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ಮಂಜುಗಡ್ಡೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಇನ್ನು ಚೂರೇ ಚೂರು ಶಾಖ ಸಿಕ್ಕರೂ ಪೂರ್ತಿ ಕರಗಿಬಿಡುತ್ತದೆ ಎಂದು ಆಗಿನ ವಿದ್ವಾಂಸರು ನಂಬಿದ್ದರು. ಬ್ಲ್ಯಾಕ್ ಅವರಿಗೆ ಇದು ಸರಿಕಾಣಲಿಲ್ಲ. ಹಾಗಿದ್ದರೆ ಚಳಿಗಾಲ ಕಳೆದು ಬಿಸಿಲೇರಿದ ಒಂದೇ ದಿನ ಬೆಟ್ಟಗಳ ಹಿಮವೆಲ್ಲ ಒಮ್ಮೆಲೇ ನೀರಾಗಿ ಹರಿದು ಊರುಗಳೇ ಕೊಚ್ಚಿಹೋಗಬೇಕಿತ್ತಲ್ಲ! ಹಿಮ ವಾರಗಟ್ಟಲೆ ನಿಧಾನವಾಗಿ ಕರಗುವುದೇಕೆ?

1761ರ ಸುಮಾರಿಗೆ ಅವರು ಒಂದು ಪ್ರಯೋಗ ಮಾಡಿದರು. ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳಲ್ಲಿ ಸಮ ತೂಕದ ನೀರು ತುಂಬಿದರು. ಒಂದರ ನೀರನ್ನು ಗಡ್ಡೆ ಕಟ್ಟಿಸಿದರು. ಇನ್ನೊಂದರ ನೀರನ್ನು ಗಡ್ಡೆ ಕಟ್ಟದಂತೆ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಂಪು ಮಾಡಿದರು. ಎರಡನ್ನೂ ಸುಮಾರು 8 ಡಿಗ್ರಿ ತಾಪವಿದ್ದ ಒಂದು ದೊಡ್ಡ ಹಜಾರದಲ್ಲಿ ತೂಗುಹಾಕಿ ಕಾದರು. ನೀರು ನಾಲ್ಕು ಡಿಗ್ರಿ ದಾಟಲು ಅರ್ಧ ಗಂಟೆ ಸಾಕಾಯಿತು. ಮಂಜುಗಡ್ಡೆ ಕರಗಿ ಅದೇ ತಾಪಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು!

ಅಷ್ಟು ಹೊತ್ತೂ ಗಡ್ಡೆ ಉಷ್ಣವನ್ನು ಹೀರುತ್ತಲೇ ಇತ್ತು. ಆದರೂ ಕರಗುವವರೆಗೆ ಅದರ ತಾಪ ಏರಲಿಲ್ಲ. ಹೀಗೆ ತಾಪಮಾಪಕಕ್ಕೆ ಕಾಣದೆ ಅಡಗುವ ಉಷ್ಣವೇ ಗುಪ್ತೋಷ್ಣ. ಒಂದು ಗ್ರಾಂ ಮಂಜುಗಡ್ಡೆಯನ್ನು ಬರಿದೇ ಕರಗಿಸುವ ಉಷ್ಣದಿಂದ ಒಂದು ಗ್ರಾಂ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಗೆ ಕಾಯಿಸಬಹುದು. ಬ್ಲ್ಯಾಕ್ ಅವರ ಲೆಕ್ಕ 77ರ ಆಸುಪಾಸಿನಲ್ಲಿತ್ತು. ಅಂದಿನ ಸಾಧನಗಳನ್ನು ನೆನೆದರೆ ಇದು ಬೆರಗು ಹುಟ್ಟಿಸುತ್ತದೆ.

ನೀರು ಗಡ್ಡೆಯಾಗುವಾಗ ಇಷ್ಟೇ ಉಷ್ಣ ಹೊರಬರಬೇಕು. ಅಲುಗಾಡದೆ ನಿಂತ ಶುದ್ಧ ನೀರು ಕೆಲವೊಮ್ಮೆ ಸೊನ್ನೆಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಅದನ್ನು ಅಲುಗಿಸಿದರೆ ತಟ್ಟನೆ ಮಂಜಿನ ಹರಳುಗಳು ಮೂಡುತ್ತವೆ, ತಾಪಮಾಪಕ ಮೇಲೇರಿ ಸೊನ್ನೆಯಲ್ಲಿ ನಿಲ್ಲುತ್ತದೆ. ನೀರಿನ ಅಣುಗಳು ಒಂದಕ್ಕೊಂದು ಬಿಗಿದುಕೊಳ್ಳುವಾಗ ಬಿಡುವ ಶಕ್ತಿಯೇ ಅದು ಎಂದು ಈಗ ನಮಗೆ ತಿಳಿದಿದೆ. ಬ್ಲ್ಯಾಕ್ ಅವರ ಕಾಲದಲ್ಲಿ ಉಷ್ಣವೂ ಒಂದು ಬಗೆಯ ದ್ರವವೆಂದು ಹಲವರು ಭಾವಿಸಿದ್ದರು.

1762ರಲ್ಲಿ ಅವರು ಈ ವಿಷಯವನ್ನು ಗ್ಲಾಸ್ಗೋದ ವಿದ್ವಾಂಸರ ಮುಂದಿಟ್ಟರು. ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಚ್ಚು ಮಾತ್ರ ಮಾಡಿಸಲಿಲ್ಲ! 1772ರಲ್ಲಿ ಸ್ವೀಡನ್ನಿನ ವಿಲ್ಕೆ ಸ್ವತಂತ್ರವಾಗಿ ಇದನ್ನೇ ಕಂಡು ಪ್ರಕಟಿಸಿದರು.

1799ರಲ್ಲಿ ಎಡಿನ್‌ಬರೋದಲ್ಲಿ ಬ್ಲ್ಯಾಕ್ ತೀರಿಕೊಂಡರು. ಊಟಕ್ಕೆ ಕುಳಿತಿದ್ದಾಗ ಹಾಲಿನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡೇ ಪ್ರಾಣ ಬಿಟ್ಟರೆಂದೂ ಒಂದು ತೊಟ್ಟೂ ಚೆಲ್ಲಿರಲಿಲ್ಲವೆಂದೂ ಅವರ ಆಪ್ತರು ಬರೆದಿದ್ದಾರೆ. ಶಿಷ್ಯ ಜಾನ್ ರಾಬಿಸನ್ ಆ ಪಾಠಗಳನ್ನು ಕಲೆಹಾಕಿ 1803ರಲ್ಲಿ ಅಚ್ಚು ಹಾಕಿಸಿದರು.