ಜಾನ್ ಮ್ಯಾಕ್‌ಗ್ರೆಗರ್

ಜಾನ್ ಮ್ಯಾಕ್‌ಗ್ರೆಗರ್ (ಜನವರಿ 24, 1825 – ಜುಲೈ 16, 1892) ಸ್ಕಾಟಿಷ್ ಮನೆತನದ ನ್ಯಾಯವಾದಿ, ಪ್ರವಾಸ ಲೇಖಕ ಮತ್ತು ದೋಣಿ ಸಂಚಾರಿ. ಒಬ್ಬನೇ ಕುಳಿತು ದೂರ ಪ್ರಯಾಣ ಮಾಡಬಲ್ಲ ‘ರಾಬ್ ರಾಯ್’ ಎಂಬ ಕಿರುದೋಣಿಯನ್ನು ರೂಪಿಸಿದವರು. ಅವರು ಅದನ್ನು ಕೆನೂ ಎಂದು ಕರೆದರೂ, ಮುಚ್ಚಿದ ಮೇಲ್ಭಾಗ ಮತ್ತು ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟಿನ ಕಾರಣ ಇಂದಿನ ಲೆಕ್ಕದಲ್ಲಿ ಅದು ಕಯಾಕ್.

ಬಾಲ್ಯ ಮತ್ತು ಶಿಕ್ಷಣ

ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ಜನನ. ತಂದೆ ಡಂಕನ್ ಮ್ಯಾಕ್‌ಗ್ರೆಗರ್ ಸೇನಾಧಿಕಾರಿ. ಐದು ವಾರಗಳ ಶಿಶುವಾಗಿದ್ದಾಗ ತಂದೆತಾಯಿಯರೊಡನೆ ಪ್ರಯಾಣಿಸುತ್ತಿದ್ದ ‘ಕೆಂಟ್’ ಎಂಬ ಹಡಗು ಬಂಗಾಳದತ್ತ ಹೊರಟಿದ್ದು, ಬಿಸ್ಕೇ ಕೊಲ್ಲಿಯಲ್ಲಿ ಬೆಂಕಿಗೆ ಆಹುತಿಯಾಯಿತು. ‘ಕೇಂಬ್ರಿಯಾ’ ಎಂಬ ಸಣ್ಣ ಹಡಗು ನೆರವಿಗೆ ಬಂದುದರಿಂದ ಕುಟುಂಬ ಬದುಕುಳಿಯಿತು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ 1847ರಲ್ಲಿ ಪದವಿ ಪಡೆದು, 1851ರಲ್ಲಿ ನ್ಯಾಯವಾದಿಯಾದರು. ಪೇಟೆಂಟ್ ಕಾನೂನು ಅವರ ವಿಶೇಷ ಕ್ಷೇತ್ರ. ಯಂತ್ರಗಳ ರಚನೆಯನ್ನು ವಿವರವಾಗಿ ಪರಿಶೀಲಿಸುವ ಈ ವೃತ್ತಿಯ ಗುಣ ಮುಂದೆ ಅವರ ದೋಣಿಗಳಲ್ಲಿಯೂ ಕಾಣುತ್ತದೆ.

ದೋಣಿಯ ಆಯ್ಕೆ

ಯುರೋಪಿನ ನದಿಗಳಲ್ಲಿ ಸಂಚರಿಸಲು ಆಗ ರೂಢಿಯಲ್ಲಿದ್ದುದು ಎರಡು ಬದಿಗೂ ಉದ್ದ ಹುಟ್ಟು ಚಾಚುವ ದೋಣಿ. ಅದರಲ್ಲಿ ಕುಳಿತವನ ಬೆನ್ನು ಮುಂದಿನ ದಾರಿಗೆ ತಿರುಗಿರುತ್ತದೆ. ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಹುಟ್ಟು ಬೀಸಲು ಸ್ಥಳವಿರುವುದಿಲ್ಲ. ಅಪರಿಚಿತ ನದಿಗೆ ಇಂಥ ದೋಣಿ ಅಪಾಯಕಾರಿ. ಮ್ಯಾಕ್‌ಗ್ರೆಗರ್ 1859ರಲ್ಲಿ ಉತ್ತರ ಅಮೆರಿಕದಲ್ಲಿ ಪ್ರವಾಸ ಮಾಡಿದ್ದರು. ಮುಂದಕ್ಕೆ ನೋಡುತ್ತಲೇ ಹುಟ್ಟುಹಾಕುವ ಅಲ್ಲಿನ ಮೂಲನಿವಾಸಿಗಳ ದೋಣಿಗಳ ಮಾದರಿಯನ್ನೇ ಅವರು ಆರಿಸಿಕೊಂಡರು.

1865ರಲ್ಲಿ ಲಂಡನ್ನಿನಲ್ಲಿ ಓಕ್ ಮರದಿಂದ ಕಟ್ಟಿಸಿದ ಮೊದಲ ರಾಬ್ ರಾಯ್ 15 ಅಡಿ ಉದ್ದ, 28 ಅಂಗುಲ ಅಗಲ, ಸುಮಾರು 80 ಪೌಂಡ್ ತೂಕವಿತ್ತು. ಮೇಲ್ಹೊದಿಕೆ ಸೀಡರ್ ಮರದ್ದು. ಗಾಳಿ ಅನುಕೂಲವಿದ್ದಾಗ ಬಿಡಿಸಲು ಚಿಕ್ಕ ಹಾಯಿಯೂ ಇತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈ ಅಳತೆಗಳನ್ನು ನೀರು ಮಾತ್ರವಲ್ಲ, ನೆಲವೂ ನಿರ್ಧರಿಸಿತು. ಜರ್ಮನಿಯ ರೈಲು ಗಾಡಿಯಲ್ಲಿ ಹಿಡಿಸುವಷ್ಟು ಗಿಡ್ಡ, ಅಣೆಕಟ್ಟೆ ಎದುರಾದರೆ ಹುಲ್ಲಿನ ಮೇಲೆ ಎಳೆದೊಯ್ಯುವಷ್ಟು ಹಗುರ, ಕಲ್ಲಿಗೆ ತಾಗಿದರೂ ಒಡೆಯದಷ್ಟು ಗಟ್ಟಿ, ಇಡೀ ದಿನ ಕುಳಿತಿರಲು ಸಾಕಷ್ಟು ಅಗಲ ಇರಬೇಕಿತ್ತು. ಮೂರು ತಿಂಗಳಿಗೆ ಬೇಕಾದ ಸಾಮಾನೆಲ್ಲ ಒಂದಡಿ ಚದರದ ಒಂದು ಚೀಲದಲ್ಲಿ ಅಡಗಿತ್ತು.

ಪ್ರವಾಸಗಳು

ಆ ವರ್ಷವೇ ರೈನ್, ಡ್ಯಾನ್ಯೂಬ್, ಮೊಸೆಲ್, ಸೇನ್ ಮುಂತಾದ ನದಿಗಳಲ್ಲಿ ಸುಮಾರು ಸಾವಿರ ಮೈಲಿ ಸಂಚರಿಸಿ, 1866ರಲ್ಲಿ ಪ್ರವಾಸಕಥನ ಪ್ರಕಟಿಸಿದರು. ಅದು ಬಹು ಜನಪ್ರಿಯವಾಯಿತು. ಆದರೆ ಅವರು ಆ ದೋಣಿಗೇ ಅಂಟಿಕೊಳ್ಳಲಿಲ್ಲ. 1866ರ ಸ್ಕ್ಯಾಂಡಿನೇವಿಯ ಪ್ರವಾಸಕ್ಕೆ ಮೊದಲಿನದಕ್ಕಿಂತ ಗಿಡ್ಡ, ಹಗುರವಾದ ಇನ್ನೊಂದನ್ನು ಕಟ್ಟಿಸಿದರು. 1867ರಲ್ಲಿ ಸಮುದ್ರ ದಾಟಿ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಹೋಗಬೇಕಾದಾಗ ಕಿರುದೋಣಿಯನ್ನೇ ಬಿಟ್ಟು 21 ಅಡಿಯ ಹಾಯಿದೋಣಿಯನ್ನು ಆರಿಸಿಕೊಂಡರು. ಹೆಸರು ಮಾತ್ರ ರಾಬ್ ರಾಯ್ ಎಂದೇ.

1868–69ರಲ್ಲಿ ಸೂಯೆಜ್, ನೈಲ್, ಜೋರ್ಡಾನ್ ಪ್ರವಾಸಕ್ಕೆ ಹೊರಟ ದೋಣಿಯಲ್ಲಿ ರಾತ್ರಿ ಮಲಗುವ ಏರ್ಪಾಡು ಇತ್ತು, ಏಕೆಂದರೆ ಆ ದಾರಿಯಲ್ಲಿ ವಸತಿಗೃಹಗಳನ್ನು ನೆಚ್ಚುವಂತಿರಲಿಲ್ಲ. ಹುಲೇ ಸರೋವರದ ಬಳಿ ಸ್ಥಳೀಯರು ಅವರನ್ನು ಸುತ್ತುವರಿದು, ಅವರು ಕುಳಿತಿದ್ದಂತೆಯೇ ದೋಣಿಯನ್ನು ಎತ್ತಿಕೊಂಡು ತಮ್ಮ ಮುಖಂಡನ ಡೇರೆಗೆ ಒಯ್ದರು. ಹಗುರತನ ಹೀಗೂ ಒದಗಿಬರಬಹುದೆಂದು ವಿನ್ಯಾಸಕಾರರು ಎಣಿಸಿರಲಾರರು.

ಇತರ ಕಾರ್ಯಗಳು

1866ರಲ್ಲಿ ಅವರು ಸ್ಥಾಪಿಸಿದ ಕೆನೂ ಕ್ಲಬ್ 1873ರಲ್ಲಿ ‘ರಾಯಲ್’ ಬಿರುದು ಪಡೆಯಿತು. ಬಡಮಕ್ಕಳ ಶಾಲೆಗಳಿಗೂ, ಬೀದಿಯ ಹುಡುಗರಿಗೆ ಬೂಟು ಪಾಲಿಶ್ ಕೆಲಸ ಒದಗಿಸುವ ಸಂಘಟನೆಗೂ ದುಡಿದರು. ಲಂಡನ್ ಶಾಲಾ ಮಂಡಳಿಯ ಸದಸ್ಯರಾಗಿದ್ದರು. 1873ರಲ್ಲಿ ವಿವಾಹವಾದರು. ಬೋರ್ನ್‌ಮತ್ ಸಮೀಪದ ಬಾಸ್ಕೋಂಬ್‌ನಲ್ಲಿ ನಿಧನರಾದರು. ಅವರಿಂದ ಹಬ್ಬಿದ ದೋಣಿ ಪ್ರವಾಸದ ಅಭಿರುಚಿ ರಾಬರ್ಟ್ ಲೂಯಿ ಸ್ಟೀವನ್ಸನ್ ಅವರನ್ನೂ ತಟ್ಟಿತು. 1876ರಲ್ಲಿ ಸ್ಟೀವನ್ಸನ್ ಗೆಳೆಯನೊಬ್ಬನೊಡನೆ ಬೆಲ್ಜಿಯಂ ಮತ್ತು ಫ್ರಾನ್ಸ್‌ನ ಜಲಮಾರ್ಗಗಳಲ್ಲಿ ಇಂಥ ದೋಣಿಗಳಲ್ಲೇ ಸಂಚರಿಸಿದರು.