ಕನ್ನಡದ ಮೊದಲ ಪತ್ರಿಕೆ ಅಚ್ಚಾಗಿದ್ದು ಕಲ್ಲಿನಲ್ಲಿ! ಮಂಗಳೂರಿನ ಮೋಗ್ಲಿಂಗ್ ಅವರ ಕಥೆ ಇದು

ಜುಲೈ 1 ಬಂತು ಅಂದ್ರೆ ರಾಜ್ಯದ ತುಂಬ ಪತ್ರಿಕಾ ದಿನಾಚರಣೆ. ಹಾರ, ಶಾಲು, ಭಾಷಣ ಎಲ್ಲ ಇರುತ್ತೆ. ಹೆರ್ಮನ್ ಮೋಗ್ಲಿಂಗ್ ಅವರ ಹೆಸರನ್ನೂ ತಪ್ಪದೆ ಹೇಳ್ತಾರೆ. ಆದ್ರೆ ಆ ಮೊದಲ ಪತ್ರಿಕೆ ಅಚ್ಚಾಗಿದ್ದು ಹೇಗೆ ಅಂತ ಹೇಳುವವರು ಕಡಿಮೆ.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಲ್ಲಿ. ಓದಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ. ಬಾಸೆಲ್ ಮಿಷನ್ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಬಂದಿದ್ದು ಕ್ರೈಸ್ತ ಧರ್ಮ ಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಜನರ ಜತೆ ಮಾತಾಡಬೇಕಿದ್ದರೆ ಜನರ ಭಾಷೆ ಬರಬೇಕಲ್ಲ? ಕನ್ನಡ ಕಲಿತರು, ಶಾಲೆ ನಡೆಸಿದರು.

1841ರಲ್ಲಿ ಮಿಷನ್ನಿನ ಮುದ್ರಣಾಲಯ ಮಂಗಳೂರಲ್ಲಿ ಶುರುವಾಯಿತು. ಅಲ್ಲಿದ್ದದ್ದು ಕಲ್ಲಚ್ಚಿನ ಯಂತ್ರ, ಅಂದ್ರೆ ಲಿಥೋ. ಕನ್ನಡ ಅಚ್ಚುಮೊಳೆ ಮಾಡಿಸೋದು ಆಗ ಸುಲಭದ ಮಾತಲ್ಲ. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿಸಿದರೆ 52. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮೊಳೆ ಬೇಕು. ಒಂದೊಂದನ್ನೂ ಸೀಸದಲ್ಲಿ ಎರಕ ಹೊಯ್ಯಬೇಕು.

ಕಲ್ಲಚ್ಚಿಗೆ ಮೊಳೆಯೇ ಬೇಡ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರಹ ಮೂಡಿಸಬೇಕು. ನೇರವಾಗಿ ಕಲ್ಲಿನ ಮೇಲೇ ಬರೆಯೋದಾದರೆ ಅಕ್ಷರ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಇಲ್ಲವೆಂದರೆ ಕಾಗದದಲ್ಲಿ ಬರೆದು ಕಲ್ಲಿಗೆ ಇಳಿಸಬೇಕು. ಆಮೇಲೆ ಕಲ್ಲನ್ನು ನೀರಲ್ಲಿ ಒದ್ದೆ ಮಾಡಿ ಮಸಿಯ ರೋಲರ್ ಎಳೆಯುತ್ತಾರೆ. ಎಣ್ಣೆಗೂ ನೀರಿಗೂ ಆಗಿಬರಲ್ಲ ನೋಡಿ! ಬರಹ ಇರೋ ಕಡೆ ಮಸಿ ಹಿಡಿಯುತ್ತೆ, ಒದ್ದೆ ಇರೋ ಕಡೆ ಹಿಡಿಯಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಅಚ್ಚು ರೆಡಿ. ಕೆಲಸ ಮುಗಿದ ಮೇಲೆ ಕಲ್ಲನ್ನು ಮತ್ತೆ ಉಜ್ಜಿ ಮುಂದಿನ ಪುಟಕ್ಕೆ ಬಳಸಬಹುದು.

ಹೀಗೆ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರಿನ ಸುದ್ದಿ, ಸರ್ಕಾರದ ಆದೇಶ, ಪರಊರಿನ ವರ್ತಮಾನ, ಕಥೆ ಎಲ್ಲ ಅದರಲ್ಲಿತ್ತು. ಅಂದ್ರೆ ಊರ ಸುದ್ದಿಗೆ ಜಾಗ ಕೊಡೋದು ಕನ್ನಡ ಪತ್ರಿಕೆಗೆ ಮೊದಲ ದಿನದಿಂದಲೇ ಬಂದ ಗುಣ.

ಆದರೆ ವರ್ಷ ತುಂಬುವ ಮೊದಲೇ ಪತ್ರಿಕೆ ಮಂಗಳೂರು ಬಿಟ್ಟಿತು. 1844ರಲ್ಲಿ ಬಳ್ಳಾರಿಗೆ ಹೋಯಿತು, ಹೆಸರು 'ಕನ್ನಡ ಸಮಾಚಾರ' ಅಂತಾಯಿತು. ಅಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ಅನುಕೂಲ ಇತ್ತು. ಅಲ್ಲೂ ಅದು ಬಹಳ ಕಾಲ ಬಾಳಲಿಲ್ಲ.

ಪತ್ರಿಕೆ ನಿಂತರೂ ಮೋಗ್ಲಿಂಗ್ ಕಲ್ಲು ಬಿಡಲಿಲ್ಲ. ಓಲೆಗರಿಯಲ್ಲಿದ್ದ ಹಳೆಯ ಕಾವ್ಯಗಳನ್ನು ಹುಡುಕಿಸಿ, ಪಂಡಿತರ ಸಹಾಯದಿಂದ ತಿದ್ದಿಸಿ, 1848ರಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದರು. ಇದಕ್ಕೆ ಹಣ ಕೊಟ್ಟವರು ಕಾಸಾಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು ಹೀಗೆ ಪುಸ್ತಕವಾದವು. ಧರ್ಮ ಪ್ರಚಾರಕ್ಕೆ ಬಂದ ಪಾದ್ರಿ ವೈಷ್ಣವರ, ವೀರಶೈವರ ಗ್ರಂಥಗಳಿಗೆ ಮಸಿ ಹಚ್ಚಿದ್ದು ಸಣ್ಣ ಸಂಗತಿ ಅಲ್ಲ. ಗೆದ್ದಲು ಹಿಡಿದರೆ ಓಲೆಗರಿಯ ಪ್ರತಿ ಹೋಗೇ ಹೋಯ್ತು. ನೂರಾರು ಪ್ರತಿ ಆದ ಪುಸ್ತಕ ಅಷ್ಟು ಸುಲಭಕ್ಕೆ ಹೋಗಲ್ಲ.

ಮುಂದೆ ಕೊಡಗಿನಲ್ಲಿ ಕೆಲಸ ಮಾಡಿದರು, ಆ ನಾಡಿನ ಬಗ್ಗೆ 1855ರಲ್ಲಿ ಇಂಗ್ಲಿಷ್ ಪುಸ್ತಕ ತಂದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಊರಿಗೆ ಮರಳಿದವರು ಮತ್ತೆ ಇತ್ತ ಬರಲಿಲ್ಲ. 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ಕಲ್ಲಚ್ಚು ಮಾತ್ರ ಪೂರ್ತಿ ಸತ್ತಿಲ್ಲ. ನಮ್ಮ ಅಂಗಡಿಯವರು ಬಿಲ್ ಬುಕ್ ಮಾಡಿಸೋ, ಮದುವೆ ಕಾಗದ ಹೊಡೆಸೋ ಆಫ್‌ಸೆಟ್ ಪ್ರೆಸ್ ಕೂಡ ಇದೇ ಎಣ್ಣೆ ನೀರಿನ ಲೆಕ್ಕದ ಮೇಲೇ ನಡೆಯೋದು. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ಪ್ಲೇಟು ಬಂದಿದೆ. ಮುಂದಿನ ಸಲ ಪ್ರೆಸ್ಸಿಗೆ ಹೋದಾಗ ಆ ಪ್ಲೇಟು ತೋರಿಸಿ ಅಂತ ಕೇಳಿ ನೋಡಿ.